ಯಂತ್ರ ಬಂದಿದ್ದಕ್ಕೇ ಅಮೆರಿಕದ ಬೂಟು ಹೊಲಿಯುವವರು ಕೂಲಿಗಳಾದರಾ?

ಅಥಣಿ ಹುಡುಗ:
ನಮಸ್ಕಾರ್ರೀ ಎಲ್ಲರಿಗೂ. ಬಿಎ ಕೊನೆಯ ವರ್ಷ, ಅಮೆರಿಕದ ಇತಿಹಾಸದ ಪೇಪರ್ ಇದೆ. ನೋಟ್ಸಿನಲ್ಲಿ ಇರೋದು ಇಷ್ಟೇ: 19ನೇ ಶತಮಾನದಲ್ಲಿ ಯಂತ್ರ ಬಂತು, ಕೈಕೆಲಸದವರು ಹಾಳಾದರು, ಮುಷ್ಕರ ಮಾಡಿದರು. ನಮ್ಮದು ಅಥಣಿಯಲ್ಲಿ ಚಪ್ಪಲಿ ಹೊಲಿಯುವ ಮನೆ. ಅಜ್ಜ ಅಟ್ಟೆ ಕೊಯ್ಯುತ್ತಾನೆ, ಅವ್ವ ಪಟ್ಟಿ ಹೆಣೆಯುತ್ತಾಳೆ, ಮನೆಯಲ್ಲಿ ಯಂತ್ರದ ಸುದ್ದಿಯೇ ಇಲ್ಲ. ಆದರೂ ಜೋಡಿಗೆ ಎಷ್ಟು ಅಂತ ಹೇಳೋದು ಚರ್ಮ ಕೊಡುವ ವ್ಯಾಪಾರಿ, ನಾವಲ್ಲ. ಅದಕ್ಕೇ ಆ ನೋಟ್ಸ್ ನಂಬೋಕೆ ಆಗ್ತಿಲ್ಲ. ಅಲ್ಲಿಯ ಬೂಟು ಹೊಲಿಯುವವರ ಕಥೆ ಯಾರಿಗಾದರೂ ಗೊತ್ತಾ?

ವಿಜಯಪುರದ ಮಾಸ್ತರ:
ತಮ್ಮಾ, ನಿನ್ನ ಅನುಮಾನ ಸರಿ ಇದೆ. ಬಾಸ್ಟನ್ ಹತ್ತಿರ ಲಿನ್ ಅಂತ ಊರು, ಊರಿಗೆ ಊರೇ ಬೂಟು ಹೊಲಿಯುತ್ತಿತ್ತು. ಮನೆ ಹಿಂದೆ ಹತ್ತಡಿಯ ಪುಟ್ಟ ಕೋಣೆ, ಅದನ್ನು ಕರೆಯುತ್ತಿದ್ದದ್ದೂ ಹತ್ತಡಿ ಅಂತಲೇ. ಗಂಡಸರು ಅಲ್ಲಿ ಕೂತು ಅಟ್ಟೆ ಹೊಲಿದರೆ, ಹೆಂಗಸರು ಮನೆಯೊಳಗೆ ಬೂಟಿನ ಮೇಲಿನ ಭಾಗ ಹೊಲಿಯುತ್ತಿದ್ದರು. ನಿಮ್ಮ ಮನೆಯ ಥರಾನೇ ಅಲ್ವಾ? ಮೊದಲು ಚರ್ಮವೂ ಅವರದೇ, ಬೂಟೂ ಅವರದೇ. ಆಮೇಲೆ ಸಾಹುಕಾರರು ಒಂದು ಕಡೆ ಚರ್ಮ ಕತ್ತರಿಸಿ ಮನೆ ಮನೆಗೆ ಕಳಿಸಿ, ಹೊಲಿದದ್ದನ್ನು ವಾಪಸ್ ತರಿಸಿ, ಜೋಡಿಗೆ ಇಷ್ಟು ಅಂತ ಮಜೂರಿ ಕೊಡೋಕೆ ಶುರು ಮಾಡಿದರು. ಇಷ್ಟೆಲ್ಲಾ ಆಗುವಾಗ ಊರಲ್ಲಿ ಒಂದು ಹೊಲಿಗೆ ಯಂತ್ರವೂ ಇರಲಿಲ್ಲ! ಅದು ಬಂದದ್ದು 1852ರಲ್ಲಿ, ಅದೂ ಮೇಲಿನ ಭಾಗಕ್ಕೆ ಮಾತ್ರ.

1857ರಲ್ಲಿ ಅಲ್ಲಿ ಆರ್ಥಿಕ ಕುಸಿತ ಆಯಿತು, ಮಜೂರಿ ಇಳೀತು. 1860ರ ಫೆಬ್ರವರಿ 22ಕ್ಕೆ, ವಾಷಿಂಗ್ಟನ್ ಹುಟ್ಟಿದ ದಿನವನ್ನೇ ಹುಡುಕಿ, ಮುಷ್ಕರ ಹೂಡಿದರು. ಸುತ್ತಲಿನ ಊರುಗಳೂ ಸೇರಿ ಸುಮಾರು 20,000 ಜನ. ಇನ್ನೂ ಅಧ್ಯಕ್ಷನಾಗಿರದ ಲಿಂಕನ್ ಅದೇ ಮಾರ್ಚಿನಲ್ಲಿ ಆ ಕಡೆ ಭಾಷಣಕ್ಕೆ ಹೋದಾಗ, ಕೆಲಸಗಾರ ಬೇಕೆಂದಾಗ ಮುಷ್ಕರ ಮಾಡಬಹುದಾದ ವ್ಯವಸ್ಥೆ ಇಲ್ಲಿದೆ, ಅದು ನನಗೆ ಖುಷಿ ಅಂದ. ಅಟ್ಟೆ ಹೊಲಿಯುವ ಯಂತ್ರ ಕಾರ್ಖಾನೆಗಳಲ್ಲಿ ಹರಡಿದ್ದು ಅದಾದ ಮೇಲೆ, ಅಂತರ್ಯುದ್ಧದ ಹೊತ್ತಿಗೆ, ಸೈನಿಕರಿಗೆ ರಾಶಿ ರಾಶಿ ಬೂಟು ಬೇಕಾದಾಗ. ಅಂದರೆ ಅಟ್ಟೆ ಹೊಲಿಯುವವರು ಬೀದಿಗಿಳಿದಾಗ ಅವರ ಕೆಲಸ ಇನ್ನೂ ಕೈಯಲ್ಲೇ ಇತ್ತು.

ಬನಹಟ್ಟಿ ಮಗ್ಗ:
ಮಾಸ್ತರ್ರೇ, ಯಂತ್ರದ ತಪ್ಪೇನೂ ಇಲ್ಲ ಅಂತ ಇಷ್ಟು ಸುಲಭಕ್ಕೆ ಬಿಟ್ಟುಬಿಡಬೇಡ್ರಿ. ಅಟ್ಟೆ ಯಂತ್ರ ಕಂಡುಹಿಡಿದವನು ಬ್ಲೇಕ್, 1858ರಲ್ಲಿ ಪೇಟೆಂಟು. ಅದನ್ನು ಕೊಂಡ ಮೆಕೇ ಯಂತ್ರ ಮಾರಲೇ ಇಲ್ಲ, ಬಾಡಿಗೆಗೆ ಕೊಟ್ಟ. ಹೊಲಿದ ಪ್ರತಿ ಜೋಡಿಗೂ ಅವನಿಗೆ ಇಷ್ಟು ಅಂತ ಕಟ್ಟಬೇಕು. ಇದರಿಂದ ಕೈಯಲ್ಲಿ ಜಾಸ್ತಿ ದುಡ್ಡಿಲ್ಲದವನೂ ಕಾರ್ಖಾನೆ ಹಾಕಿದ, ಅದು ನಿಜ. ಆದರೆ ಮಾಲೀಕನೇ ಇನ್ನೊಬ್ಬನಿಗೆ ಮಜೂರಿಯವನಾದ ಹಾಗೆ ಆಯಿತಲ್ಲ! ನಮ್ಮ ಮನೆಯಲ್ಲಿ ಕೈಮಗ್ಗ ತೆಗೆದು ಸಾಲ ಮಾಡಿ ಪವರ್‌ಲೂಮ್ ಹಾಕಿದೆವು. ನೂಲು ಇನ್ನೊಬ್ಬರದು, ಸೀರೆ ಇನ್ನೊಬ್ಬರದು, ಸಾಲ ಮಾತ್ರ ನಮ್ಮದು.

ಇನ್ನೊಂದು ಕಥೆ. ಬೂಟಿನ ಮೇಲ್ಚರ್ಮವನ್ನು ಮರದ ಕಾಲಚ್ಚಿನ ಮೇಲೆ ಎಳೆದು ಕೂರಿಸುವ ಕೆಲಸ ಯಂತ್ರದಿಂದ ಆಗೋದೇ ಇಲ್ಲ ಅಂತ ಆ ಕೆಲಸದವರಿಗೆ ಭಾರಿ ಧೈರ್ಯ ಇತ್ತು. ದಿನಕ್ಕೆ 50 ಜೋಡಿ ಮಾಡಿದರೆ ಅವನು ಗಟ್ಟಿಗ. ಸುರಿನಾಮ್‌ನಿಂದ ಬಂದು ಲಿನ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಕಪ್ಪು ವರ್ಣದ ಹುಡುಗ ಮ್ಯಾಟ್ಸೆಲಿಗರ್, ರಾತ್ರಿ ಕೂತು ಕೂತು ಅದಕ್ಕೂ ಯಂತ್ರ ಮಾಡಿದ, 1883ರಲ್ಲಿ ಪೇಟೆಂಟು ಬಂತು. ಆಮೇಲೆ ದಿನಕ್ಕೆ 150ರಿಂದ 700 ಜೋಡಿ. ಬೂಟು ಅಗ್ಗ ಆಯಿತು, ಬಡವರ ಕಾಲಿಗೂ ಬಂತು. ಅವನು 1889ರಲ್ಲಿ ಕ್ಷಯದಿಂದ ಸತ್ತ, ವಯಸ್ಸು ಬರೀ 36.

ಗೋಕಾಕದ ಅಕ್ಕ:
ಇಬ್ಬರೂ ಗಂಡಸರ ಲೆಕ್ಕ ಹೇಳಿದಿರಿ. 1860ರ ಮುಷ್ಕರದಲ್ಲಿ ಹೆಂಗಸರೂ ಹಿಮದಲ್ಲಿ ಮೆರವಣಿಗೆ ಹೋಗಿದ್ದರು. ಆದರೆ ಅವರಲ್ಲೇ ಎರಡು ಪಂಗಡ. ಕಾರ್ಖಾನೆಯಲ್ಲಿ ಯಂತ್ರದ ಮುಂದೆ ಕೂರುವ ಹುಡುಗಿಯರಿಗೆ ತಮ್ಮ ಮಜೂರಿ ಏರಬೇಕು, ಮನೆಯಲ್ಲಿ ಕೈಯಿಂದ ಹೊಲಿಯುವ ಹೆಂಗಸರಿಗೆ ಮನೆಕೆಲಸದ ರೇಟು ಉಳಿಯಬೇಕು. ಗಂಡಸರು ನಿಂತದ್ದು ಮನೆಯವರ ಪರ. ಯಂತ್ರ ನಡೆಸುವ ಹುಡುಗಿಯರು ಕೆಲಸ ನಿಲ್ಲಿಸಿದ್ದರೆ ಸಾಹುಕಾರನಿಗೆ ನಿಜವಾದ ಪೆಟ್ಟು ಬೀಳುತ್ತಿತ್ತು, ಅವರನ್ನೇ ದೂರ ಮಾಡಿಕೊಂಡರು. ನನಗಂತೂ ಅಲ್ಲೇ ತಪ್ಪಿದ್ದು ಅನ್ನಿಸುತ್ತೆ. ಕೊನೆಗೆ ಕೆಲವು ಮಾಲೀಕರು ಮಜೂರಿ ಏರಿಸಿದರು, ಸಂಘವನ್ನು ಮಾತ್ರ ಒಪ್ಪಲಿಲ್ಲ.

ಅಥಣಿ ಹುಡುಗ:
ಅಕ್ಕಾ, ಇದನ್ನು ಅವ್ವನಿಗೆ ಓದಿ ಹೇಳಿದೆ. ಹೆಣೆಯೋದು ನಿಲ್ಲಿಸದೇ, "ಕಾರ್ಖಾನೆ ಹುಡುಗಿಯರ ಜೊತೆ ಮಾತಾಡೋಕೆ ಇವರಿಗೆ ಏನಾಗಿತ್ತು" ಅಂದಳು. ಮಾಸ್ತರ್ರೇ, ಇದು 10 ಮಾರ್ಕ್ಸಿಗೆ ಬಂದರೆ ಎಷ್ಟು ಪುಟ ಬರೀಬೇಕು?

ವಿಜಯಪುರದ ಮಾಸ್ತರ:
ಮೂರು ಪುಟ ಸಾಕು. ಇಸವಿಗಳ ಕೆಳಗೆ ಗೆರೆ ಹೊಡಿ, ಪೇಪರ್ ನೋಡುವವರಿಗೆ ಅದು ಮೊದಲು ಕಾಣುತ್ತೆ.