ಕಪ್ಪೆಗೆ ಐಜಿಜಿ ಇದೆಯಾ? ಜೊತೆಗೆ ಗೊದಮೊಟ್ಟೆಯ ಡೌಟು

ಬೆಣ್ಣೆದೋಸೆ_ಝೂವಾಲಜಿ
ದಾವಣಗೆರೆಯಲ್ಲಿ ಎಂಎಸ್ಸಿ ಓದುತ್ತಿದ್ದೇನೆ, ಮುಂದಿನ ವಾರ ಪ್ರಾಣಿಗಳ ರೋಗನಿರೋಧಕ ಶಕ್ತಿಯ ಮೇಲೆ ಸೆಮಿನಾರ್. ಪುಸ್ತಕದ ತುಂಬ ಬರೀ ಮನುಷ್ಯ, ಇಲಿ. ಕಪ್ಪೆಯಲ್ಲೂ ಐಜಿಜಿ, ಐಜಿಎ ಅನ್ನುವ ಆಂಟಿಬಾಡಿಗಳು (ರೋಗಾಣುಗಳಿಗೆ ಅಂಟಿಕೊಳ್ಳುವ ಪ್ರೋಟೀನ್‌ಗಳು) ಇವೆಯಾ? ಇನ್ನೊಂದು, ಗೊದಮೊಟ್ಟೆಯ ಬಿಳಿ ರಕ್ತಕಣಗಳು ತನ್ನದು ಯಾವುದು, ಹೊರಗಿನದು ಯಾವುದು ಅಂತ ಮೊದಲೇ ಕಲಿತಿರುತ್ತವೆ ಅಲ್ವಾ? ಆಮೇಲೆ ಬಾಲ ಹೋಗಿ, ಕಾಲು ಬಂದು, ಚರ್ಮವೇ ಬದಲಾದಾಗ ಆ ಹೊಸ ಮೈ ಮೇಲೆ ಯಾಕೆ ಬೀಳುವುದಿಲ್ಲ?

ಚಂದ್ರವಳ್ಳಿ
ಐಜಿಜಿ ಇಲ್ಲ. ಲ್ಯಾಬ್‌ನಲ್ಲಿ ಸಾಕುವ ಆಫ್ರಿಕಾದ ಝೆನೋಪಸ್ ಕಪ್ಪೆಯಲ್ಲಿ ಐಜಿಎಂ, ಐಜಿಡಿ, ಐಜಿವೈ, ಐಜಿಎಕ್ಸ್, ಐಜಿಎಫ್ ಇವೆ. ನಮ್ಮ ಐಜಿಜಿ, ಐಜಿಇ ಎರಡೂ ಐಜಿವೈ ಥರದ ಹಳೆಯ ಜೀನಿನಿಂದ ಕವಲೊಡೆದವು. ಕೋಳಿಯಲ್ಲಿ ಇವತ್ತಿಗೂ ಐಜಿವೈಯೇ. ಕರುಳಿನಲ್ಲಿ ಐಜಿಎ ಮಾಡುವ ಕೆಲಸ ಕಪ್ಪೆಯಲ್ಲಿ ಐಜಿಎಕ್ಸ್‌ನದು.

ರ್‍ಯಾಗ್ ಜೀನ್‌ಗಳನ್ನು ಮಾತ್ರ ಬಿಡಬೇಡಿ. ಆಂಟಿಬಾಡಿಯ ಮತ್ತು ಟಿ-ಕಣದ (ಒಂದು ಬಗೆಯ ಬಿಳಿ ರಕ್ತಕಣ) ರಿಸೆಪ್ಟರ್‌ನ, ಅಂದರೆ ಹೊರಗಿನದನ್ನು ಗುರುತಿಸುವ ಪ್ರೋಟೀನಿನ, ಜೀನ್ ತುಂಡುಗಳನ್ನು ಕತ್ತರಿಸಿ, ಒಂದೊಂದು ಕಣದಲ್ಲಿ ಒಂದೊಂದು ಥರ ಜೋಡಿಸಲು ಬೇಕಾದವು ಇವೇ, ಶಾರ್ಕ್‌ನಿಂದ ಹಿಡಿದು ನಮ್ಮವರೆಗೆ ದವಡೆ ಇರುವ ಪ್ರಾಣಿಗಳಲ್ಲೆಲ್ಲ ಇವೆ, ಮೂಲದಲ್ಲಿ ಡಿಎನ್‌ಎಯಲ್ಲಿ ಜಾಗ ಬದಲಿಸುತ್ತಾ ತಿರುಗುತ್ತಿದ್ದ ಜಿಗಿಯುವ ಜೀನ್ ಅದು. ದವಡೆ ಇಲ್ಲದ ಲ್ಯಾಂಪ್ರೇ ಮೀನು ಪೂರ್ತಿ ಬೇರೆ ದಾರಿ ಹಿಡಿಯಿತು. ಅದರ ವಿಎಲ್‌ಆರ್ ರಿಸೆಪ್ಟರ್‌ಗಳು 2004ರಲ್ಲಿ ಬೆಳಕಿಗೆ ಬಂದವು. ನನಗಂತೂ ಇಡೀ ವಿಷಯದಲ್ಲಿ ಇದೇ ಮಜಾ.

ಜೋಗಿಮಟ್ಟಿ_ಗಾಳಿ
ಎರಡನೇ ಡೌಟು ಭಾರಿ ಇದೆ ರೀ. ರೂಪ ಬದಲಾಗುವ ಹೊತ್ತಿಗೆ ಹಾರ್ಮೋನ್ ಏರಿ ಥೈಮಸ್‌ನ (ಟಿ-ಕಣಗಳು ಬಲಿಯುವ ಅಂಗ) ಕಣಗಳು ರಾಶಿ ರಾಶಿ ಸಾಯುತ್ತವೆ. ಆಮೇಲೆ ಹೊಸ ಕಣಗಳು ಹುಟ್ಟಿ, ದೊಡ್ಡ ಕಪ್ಪೆಯ ಮೈಯನ್ನೇ ತನ್ನದು ಅಂತ ಕಲಿಯುತ್ತವೆ. ಝೆನೋಪಸ್ ಗೊದಮೊಟ್ಟೆಯ ಕಣಗಳ ಮೇಲೆ ಎಂಎಚ್‌ಸಿ ಕ್ಲಾಸ್-1 (ಕಣದೊಳಗಿನ ಪ್ರೋಟೀನ್ ಚೂರುಗಳನ್ನು ಟಿ-ಕಣಗಳಿಗೆ ತೋರಿಸುವ ಪ್ರೋಟೀನ್) ಹೆಚ್ಚುಕಡಿಮೆ ಕಾಣುವುದೇ ಇಲ್ಲ, ಅದು ಬರುವುದೇ ಈ ಹೊತ್ತಿಗೆ. ಸ್ವಲ್ಪವೇ ವ್ಯತ್ಯಾಸ ಇರುವ ಬೇರೆ ಕಪ್ಪೆಯ ಚರ್ಮ ಆಗ ಕಸಿ ಮಾಡಿದರೆ ಎಷ್ಟೋ ಸಲ ಒಪ್ಪಿಕೊಳ್ಳುತ್ತದೆ. ಬೆಳೆದ ಮೇಲೆ ಅದನ್ನೇ ತಳ್ಳಿಹಾಕುತ್ತದೆ.

ಸೂಳೆಕೆರೆ_ಕೊಕ್ಕರೆ
ಒಂದು ಮಾತು. ಸೆಮಿನಾರ್‌ನಲ್ಲಿ ಮೀನು, ಕಪ್ಪೆ, ಮನುಷ್ಯ ಅಂತ ಏಣಿ ಬಿಡಿಸಿ, ಮೇಲೆ ಹೋದಂತೆ ಜೀನ್ ಜಾಸ್ತಿ ಅಂತ ಸುಮ್ನೆ ಹೇಳಬೇಡಿ. ರೋಗಾಣುಗಳ ಗುರುತು ಹಿಡಿಯುವ ಟೋಲ್ ಥರದ ರಿಸೆಪ್ಟರ್ ನಮ್ಮಲ್ಲಿ 10, ಝೆನೋಪಸ್‌ನಲ್ಲಿ ಸುಮಾರು 20. ಅಟ್ಲಾಂಟಿಕ್ ಕಾಡ್ ಮೀನು ಹೊರಗಿನ ಚೂರುಗಳನ್ನು ಟಿ-ಕಣಗಳಿಗೆ ತೋರಿಸುವ ಎಂಎಚ್‌ಸಿ ಕ್ಲಾಸ್-2 ಕಳೆದುಕೊಂಡೂ ಆರಾಮಾಗಿದೆ.

ಬೆಣ್ಣೆದೋಸೆ_ಝೂವಾಲಜಿ
ಏಣಿ ಆಗಲೇ ಸ್ಲೈಡ್‌ನಲ್ಲಿತ್ತು, ತೆಗೆದೆ 😀 ಭದ್ರಾ ಕಾಲುವೆ ಕಡೆಯ ಗದ್ದೆಗಳಲ್ಲಿ ದೊಡ್ಡ ಕಪ್ಪೆಗಳಿವೆ, ಒಂದೆರಡು ಹಿಡಿದು ಏನಾದರೂ ನೋಡಬಹುದಾ?

ಚಂದ್ರವಳ್ಳಿ
ಬೇಡ. ಆ ಕಪ್ಪೆಗಳಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಝೆನ್‌ಬೇಸ್ ವೆಬ್‌ಸೈಟ್ ತೆರೆಯಿರಿ, ಝೆನೋಪಸ್ ಜೀನ್‌ಗಳೆಲ್ಲ ಅಲ್ಲಿ ಪುಕ್ಕಟೆ ಸಿಗುತ್ತವೆ.