ರಾಜ್ಯಶಾಸ್ತ್ರ ಓದಿ ಮುಂದೇನು? ಮೇಡಂ ಅವರನ್ನೇ ಕೇಳಿ

ಅಡ್ಮಿನ್: ಡಿಗ್ರಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವ ಸುಜಾತಾ ಮೇಡಂ ಇವತ್ತು ಸಂಜೆ ಗುಂಪಿನಲ್ಲಿ ಇರುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ.

ಮಂಜುನಾಥ: ನಮಸ್ತೆ ಮೇಡಂ. ಮಗಳು ಪಿಯುಸಿ ಆರ್ಟ್ಸ್ (ಎಚ್‌ಇಪಿಎಸ್) ಮುಗಿಸಿದ್ದಾಳೆ. ಬಿಎ ರಾಜ್ಯಶಾಸ್ತ್ರಕ್ಕೆ ಸೇರಿಸಿದರೆ ಕೆಲಸ ಸಿಗುತ್ತಾ?

ಸುಜಾತಾ: ನಮಸ್ತೆ. ಬರೀ ಬಿಎಗೆ ಕಷ್ಟ. ಅದರ ಮೇಲೆ ಏನು ಓದುತ್ತಾಳೆ ಅನ್ನೋದು ಮುಖ್ಯ. ಮೂರು ವರ್ಷದ ಎಲ್‌ಎಲ್‌ಬಿ ಇದೆ, ಬಿಎಡ್ ಇದೆ. ಗ್ರಾಮ ಪಂಚಾಯಿತಿಯ ಪಿಡಿಒ, ಕೆಎಎಸ್‌ಗೆ ಯಾವ ಪದವಿಯಾದರೂ ಸಾಕು. ಎಂಎ ಮಾಡಿ ಕೆ-ಸೆಟ್ (ರಾಜ್ಯದ ಅಧ್ಯಾಪಕ ಅರ್ಹತಾ ಪರೀಕ್ಷೆ) ಅಥವಾ ನೆಟ್ (ರಾಷ್ಟ್ರಮಟ್ಟದ್ದು) ಪಾಸಾದರೆ ಡಿಗ್ರಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಬಹುದು. ಅವಳಿಗೆ ದಿನಾ ಪೇಪರ್ ಓದುವ ಅಭ್ಯಾಸ ಇದೆಯಾ? ಮೊದಲು ಅದನ್ನು ನೋಡಿ.

ರವಿ: ರಾಜ್ಯಶಾಸ್ತ್ರ ಓದಿದವರಿಗೆ ಯುಪಿಎಸ್‌ಸಿಯಲ್ಲಿ ಹೆಚ್ಚುವರಿ ಅಂಕ ಅಂತೆ. ವಾಟ್ಸಾಪ್‌ನಲ್ಲಿ ಬಂದಿತ್ತು.

ಸುಜಾತಾ: ಸುಳ್ಳು. ಐಚ್ಛಿಕ ವಿಷಯಕ್ಕೆ 500 ಅಂಕ, ಯಾವುದನ್ನು ತಗೊಂಡರೂ ಅಷ್ಟೇ. ಫಾರ್ವರ್ಡ್ ಇಲ್ಲಿ ಹಾಕಬೇಡಿ.

ಶಿವಲೀಲಾ, ರಾಯಚೂರು: ಮೇಡಂ, ಎಂಎದಲ್ಲಿ 53% ಬಂದಿದೆ. ನಾನು 3ಬಿ, ಹಿಂದುಳಿದ ವರ್ಗ. ಕೆ-ಸೆಟ್‌ಗೆ 55% ಬೇಕೇ ಬೇಕು, ದುಡ್ಡು ಕೊಟ್ಟರೆ ಸರ್ಟಿಫಿಕೇಟ್ ಮಾಡಿಸಿ ಕೊಡ್ತೀನಿ ಅಂತ ಒಬ್ಬರು ಹೇಳ್ತಿದ್ದಾರೆ. ಅಪ್ಪ ಒಡವೆ ಅಡ ಇಡೋಕೆ ತಯಾರಾಗಿದ್ದಾರೆ.

ಸುಜಾತಾ: ಒಂದು ರೂಪಾಯಿನೂ ಕೊಡಬೇಡಮ್ಮ. ಇವತ್ತೇ ಅಪ್ಪನಿಗೆ ಹೇಳು. 55% ಇರೋದು ಸಾಮಾನ್ಯ ವರ್ಗಕ್ಕೆ. ಕೆ-ಸೆಟ್‌ನಲ್ಲಿ 3ಬಿಗೆ 50% ಸಾಕು, ನೀನು ಈಗಲೇ ಅರ್ಹಳು. ಆ ಮನುಷ್ಯ ನಿನಗೆ ಇರುವ ಹಕ್ಕನ್ನೇ ನಿನಗೆ ಮಾರುತ್ತಿದ್ದಾನೆ. ಖೋಟಾ ಸರ್ಟಿಫಿಕೇಟ್ ಸಿಕ್ಕಿಬಿದ್ದರೆ ಕೇಸು ನಿನ್ನ ಮೇಲೆ.

ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇರುತ್ತೆ. ಎರಡು ಪತ್ರಿಕೆ, ಒಟ್ಟು 300 ಅಂಕ, ತಪ್ಪಾದರೆ ಅಂಕ ಕಳೆಯೋದಿಲ್ಲ. ಎರಡನೇ ಪತ್ರಿಕೆ ರಾಜ್ಯಶಾಸ್ತ್ರದ್ದು, ಹತ್ತು ಘಟಕ. ಗೈಡ್ ಬಿಟ್ಟು ಮೂಲ ಓದು. ಬೊಮ್ಮಾಯಿ ಪ್ರಕರಣವನ್ನೇ ತಗೋ. 1989ರಲ್ಲಿ ನಮ್ಮದೇ ರಾಜ್ಯದ ಎಸ್.ಆರ್. ಬೊಮ್ಮಾಯಿ ಸರ್ಕಾರ ವಜಾ ಆಯಿತು. ಬಹುಮತ ಇದೆಯೋ ಇಲ್ಲವೋ ಅನ್ನೋದು ಸದನದಲ್ಲೇ ತೀರ್ಮಾನ ಆಗಬೇಕು ಅಂತ 1994ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇದೊಂದನ್ನು ಸರಿಯಾಗಿ ಓದಿದರೆ ರಾಜ್ಯಪಾಲರು, ರಾಷ್ಟ್ರಪತಿ ಆಳ್ವಿಕೆಯ 356ನೇ ವಿಧಿ, ಕೇಂದ್ರ-ರಾಜ್ಯ ಸಂಬಂಧ ಮೂರೂ ತಲೆಗೆ ಹತ್ತುತ್ತೆ.

ಇನ್ನೊಂದು. ರಾಯಚೂರಿನವಳು ಅಂದೆ. 371ಜೆ ಪ್ರಮಾಣಪತ್ರ, ಅಂದರೆ ಕಲ್ಯಾಣ ಕರ್ನಾಟಕದವಳು ಅನ್ನೋ ಪತ್ರ, ಮಾಡಿಸಿದ್ದೀಯಾ? ಸಹಾಯಕ ಆಯುಕ್ತರ ಕಚೇರಿಯಲ್ಲಿ ಕೊಡ್ತಾರೆ. ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದ ಗ್ರೂಪ್ ಎ, ಬಿ ಹುದ್ದೆಗಳಲ್ಲಿ 75%, ಗ್ರೂಪ್ ಸಿಯಲ್ಲಿ 80% ನಿಮ್ಮವರಿಗೇ ಮೀಸಲು. ಅಧಿಸೂಚನೆ ಬಂದ ಮೇಲೆ ಓಡಾಡಬೇಡ, ಈಗಲೇ ಮಾಡಿಸು.

ಕಿರಣ್: ಮೇಡಂ ಬಿಎ ಪೊಲಿಟಿಕಲ್ ಸೈನ್ಸ್ ಮಾಡಿದ್ರೆ ಕೆಲಸ ಸಿಗುತ್ತಾ?

ಸುಜಾತಾ: ಮೇಲೆ ಇದೆ.

ನಾಗರಾಜ್: ಎಲ್ಲೂ ಸೀಟು ಸಿಗದವರೇ ಬಿಎಗೆ ಹೋಗೋದು. ಸುಮ್ನೆ ಡಿಪ್ಲೊಮಾ ಮಾಡಿಸಿ.

ಪ್ರಕಾಶ್: ನಾನು ಬಿಎ ಓದಿಯೇ ಪಿಡಿಒ ಆಗಿರೋದು ನಾಗರಾಜ್ ಅವರೇ. ನಿಮ್ಮ ಮನೆ ಖಾತೆಗೆ ನನ್ನಂಥವರ ಹತ್ತಿರವೇ ಬರಬೇಕು.

ನಾಗರಾಜ್: ಬಂದ್ರೆ ತಿಂಗಳುಗಟ್ಟಲೆ ಓಡಾಡಿಸ್ತೀರಲ್ಲ, ಅದನ್ನೂ ಹೇಳಿ.

ಪ್ರಕಾಶ್: ದಾಖಲೆ ಸರಿ ಇಟ್ಟುಕೊಂಡು ಬನ್ನಿ, ಯಾರೂ ಓಡಾಡಿಸಲ್ಲ.

ರೇಷ್ಮಾ: ಮೇಡಂ, ಪತ್ರಿಕೋದ್ಯಮಕ್ಕೆ ರಾಜ್ಯಶಾಸ್ತ್ರ ಉಪಯೋಗ ಆಗುತ್ತಾ?

ನಾಗರಾಜ್: ಪಿಡಿಒಗಳ ಬಗ್ಗೆ ನನ್ನ ಬಾಯಿ ಬಿಡಿಸಬೇಡಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಹಾಲಪ್ಪ: ಕನ್ನಡದಲ್ಲಿ ಯುಪಿಎಸ್‌ಸಿ ಬರೀಬಹುದಾ?

ಸುಜಾತಾ: ಮುಖ್ಯ ಪರೀಕ್ಷೆ ಬರೆಯಬಹುದು. ಪ್ರಿಲಿಮ್ಸ್ ಪ್ರಶ್ನೆಗಳು ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ.

ರವಿ: ಫಾರ್ವರ್ಡ್: ‘45 ದಿನದ ಚುನಾವಣಾ ತಂತ್ರಗಾರಿಕೆ ಕೋರ್ಸ್, ಕೆಲಸ ಗ್ಯಾರಂಟಿ.’

ಸುಜಾತಾ: ರವಿ, ಈಗ ತಾನೆ ಬೇಡ ಅಂದೆ. ಗ್ಯಾರಂಟಿ ಅಂದವರ ಹತ್ತಿರ ಲಿಖಿತವಾಗಿ ಕೇಳಿ, ಕೊಡ್ತಾರಾ ನೋಡಿ. ಬೂತ್ ಲೆಕ್ಕ, ಸಮೀಕ್ಷೆ, ಎಕ್ಸೆಲ್ ಬಂದರೆ ಆ ಕ್ಷೇತ್ರದಲ್ಲಿ ಕೆಲಸ ಇದೆ. ಅದಕ್ಕೆ ಈ ಸರ್ಟಿಫಿಕೇಟ್ ಬೇಕಿಲ್ಲ. ಬಡವರ ಮಕ್ಕಳು ಇದನ್ನು ನಂಬಿ ದುಡ್ಡು ಕಟ್ಟುತ್ತಾರೆ. ಡಿಲೀಟ್ ಮಾಡಿ.

ಕಿರಣ್: ಮೇಡಂ, ಸರ್ಕಾರಿ ಕೆಲಸ ಸಿಗುತ್ತಾ ಹೇಳಿ ಸಾಕು.

ಶಿವಲೀಲಾ: ಅಪ್ಪನಿಗೆ ಹೇಳಿದೆ ಮೇಡಂ, ಆ ಮನುಷ್ಯನಿಗೆ ಬೇಡ ಅಂತ ಫೋನ್ ಮಾಡಿದ್ರು. ನೆಟ್‌ಗೂ 50% ಸಾಕಾ?

ಸುಜಾತಾ: ಒಳ್ಳೇದಾಯ್ತು. ನೆಟ್‌ಗೆ ಈ 50% ಸಿಗೋಕೆ ಕೇಂದ್ರದ ಒಬಿಸಿ ಪಟ್ಟಿ ಲೆಕ್ಕ. ರಾಜ್ಯದ ಪಟ್ಟಿಯಲ್ಲಿರುವ ಕೆಲವು ಸಮುದಾಯಗಳು ಅದರಲ್ಲಿ ಇಲ್ಲ. ನಿನ್ನ ಜಾತಿಯ ಹೆಸರು ಇದೆಯಾ ನೋಡಿಕೊಂಡೇ ಫೀಸು ಕಟ್ಟು. ಕೆನೆಪದರ (ಮೀಸಲಾತಿ ಸಿಗದ ಅನುಕೂಲಸ್ಥರ) ಮಿತಿಯನ್ನೂ ನೋಡು. ಅರ್ಜಿ ತುಂಬುವಾಗ ಗೊತ್ತಾಗದಿದ್ದರೆ ನನಗೆ ಮೆಸೇಜ್ ಮಾಡು.