ಭೂತಾನ್‌ಗೆ ಒಬ್ಬಳೇ ಹೊರಟಿದ್ದೇನೆ, ಹೋಗಿ ಬಂದವರು ಸ್ವಲ್ಪ ಹೇಳ್ತೀರಾ?

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್‌ನಲ್ಲಿ ಎಂಟು ದಿನ ಭೂತಾನ್‌ಗೆ ಹೋಗುತ್ತಿದ್ದೇನೆ. ಬಂಗಾಳದ ಹಾಸಿಮಾರಾವರೆಗೆ ರೈಲು, ಆಮೇಲೆ ನಮ್ಮ ಗಡಿಯೂರು ಜೈಗಾಂವ್ ದಾಟಿ ಭೂತಾನ್‌ನ ಫುಂಟ್ಶೋಲಿಂಗ್. ನಮಗೆ ವೀಸಾ ಬೇಡ, ಪರ್ಮಿಟ್ ಸಾಕು. ಭೂತಾನ್ ಸರ್ಕಾರಕ್ಕೆ ಕಟ್ಟಬೇಕಾದ ರಾತ್ರಿಗೆ 1200 ರೂಪಾಯಿ ಪ್ರವಾಸಿ ಶುಲ್ಕವನ್ನೂ ಲೆಕ್ಕ ಹಾಕಿಟ್ಟಿದ್ದೇನೆ. ಆಧಾರ್ ನಡೆಯಲ್ಲ ಅಂತ ಗೊತ್ತು. ಪಾಸ್‌ಪೋರ್ಟ್ ಇಲ್ಲ, ವೋಟರ್ ಐಡಿ ಇದೆ. ಆದರೆ ಹಳೇದು. ಅಂಚು ಬಿಟ್ಟುಕೊಂಡು, ಫೋಟೋದಲ್ಲಿ ಅರ್ಧ ಮುಖ ಮಾಸಿಹೋಗಿದೆ. ಗಡಿಯಲ್ಲಿ ತಕರಾರು ಮಾಡ್ತಾರಾ? ಹೊಸ ಕಾರ್ಡ್‌ಗೆ ಈಗಲೇ ಅರ್ಜಿ ಹಾಕಲಾ?

ಇನ್ನೊಂದು, ಗೈಡ್ ವಿಷಯ. ಥಿಂಫು, ಪಾರೋ ಬಿಟ್ಟು ಮುಂದೆ ಹೋಗಲು ಗೈಡ್ ಕಡ್ಡಾಯ ಅಲ್ವಾ? ಪುನಾಖಾದ ಕೋಟೆ ಮಾತ್ರ ನಾನು ನೋಡಲೇಬೇಕು. ಎರಡು ನದಿ ಸೇರುವ ಜಾಗದಲ್ಲೇ ಕಟ್ಟಿದ್ದಾರೆ, ಎಷ್ಟು ವರ್ಷದ ಆಸೆ! ಆದರೆ ಒಬ್ಬಳಿಗೇ ಗೈಡ್, ಕಾರು ಅಂದರೆ ಖರ್ಚು ಜಾಸ್ತಿ. ಥಿಂಫುವಿನಲ್ಲಿ ಬೇರೆಯವರ ಜೊತೆ ಹಂಚಿಕೊಳ್ಳೋಕೆ ಆಗುತ್ತಾ?

ತಕ್ತ್ಸಾಂಗ್ ಮಠ 3000 ಮೀಟರ್‌ಗಿಂತ ಎತ್ತರದಲ್ಲಿದೆ. ನಾನು ಹತ್ತಿರುವುದು ಕುಮಾರಪರ್ವತ, 1712 ಮೀಟರ್ ಅಷ್ಟೇ. ಕೊನೆಯ ದಿನಕ್ಕೆ ಇಟ್ಟುಕೊಂಡರೆ ಮೈ ಒಗ್ಗಿರುತ್ತೆ ಅಂದುಕೊಂಡಿದ್ದೇನೆ, ಸರಿನಾ?

ಒಬ್ಬರೇ ಹೋಗಿ ಬಂದ ಅಕ್ಕಂದಿರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ಅಮ್ಮನಿಗೆ ಓದಿ ಹೇಳಬೇಕು.